ಮನೆಯಲ್ಲೇ ಕಲಿಯುವ ಮಕ್ಕಳ ಕನ್ನಡ ಕಾಗುಣಿತ: ತಪ್ಪಿನ ಮೂಲ ತಿಳಿದು ತಿದ್ದುವುದು ಹೇಗೆ?

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಪಾಠ ಹೇಳುವ ಕಾಸರಗೋಡಿನ ತಂದೆತಾಯಂದಿರಿಗೆ ಕನ್ನಡ ಕಾಗುಣಿತ ಕಷ್ಟವೆನಿಸುವುದು ಸಹಜ. ಮನೆಯೊಳಗೆ ತುಳು, ಹವ್ಯಕ ಕನ್ನಡ, ಕೊಂಕಣಿ ಅಥವಾ ಬ್ಯಾರಿ ಮಾತು. ಪೇಟೆಗೆ ಹೋದರೆ ಮಲಯಾಳ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದ ಮೇಲೆ ಕಚೇರಿಯ ಕಾಗದಗಳಲ್ಲಿಯೂ ಬಸ್ಸಿನ ಬೋರ್ಡುಗಳಲ್ಲಿಯೂ ಮಲಯಾಳ ಲಿಪಿಯೇ ಹೆಚ್ಚಾಗಿರುವುದರಿಂದ, ಕನ್ನಡ ಪದಗಳ ರೂಪ ಇಲ್ಲಿನ ಮಗುವಿನ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ಪುಸ್ತಕದಲ್ಲಿ ಮಾತ್ರ. ಆದ್ದರಿಂದ ತಪ್ಪಿದ ಪದವನ್ನು ಹತ್ತು ಸಲ ಬರೆಸುವುದಕ್ಕಿಂತ, ಆ ತಪ್ಪು ಎಲ್ಲಿಂದ ಬಂತೆಂದು ಗುರುತಿಸಿ ತಿದ್ದುವುದೇ ಸರಿಯಾದ ದಾರಿ.

ಮೊದಲು ಒಂದು ಉಕ್ತಲೇಖನ ಕೊಡಿ. ಕೇರಳದ ಕನ್ನಡ ಮಾಧ್ಯಮ ಪಠ್ಯಪುಸ್ತಕದಿಂದ ಮಗು ಓದಿರುವ ಪಾಠದ ಐದಾರು ಸಾಲು ಸಾಕು. ಅಂದು ಏನನ್ನೂ ತಿದ್ದದೆ, ತಪ್ಪುಗಳನ್ನು ಬೇರೊಂದು ಪುಸ್ತಕದಲ್ಲಿ ಮೂರು ಗುಂಪು ಮಾಡಿ ಬರೆದುಕೊಳ್ಳಿ: ಕಿವಿಯ ತಪ್ಪು, ಲಿಪಿಯ ತಪ್ಪು, ಮನೆಮಾತಿನ ಪದ.

ಕಿವಿಯ ತಪ್ಪುಗಳಲ್ಲಿ ಮಹಾಪ್ರಾಣದ್ದೇ ದೊಡ್ಡ ಪಾಲು. ತುಳುವಿನಲ್ಲಿ ‘ಬಾಸೆ’ ಎಂದು ಕೇಳಿ ಬೆಳೆದ ಮಗು ‘ಬಾಷೆ’ ಎಂದು ಬರೆದರೆ ಅದು ಅಜಾಗರೂಕತೆಯಲ್ಲ. ಕಿವಿಗೆ ಬಿದ್ದುದನ್ನು ಅದು ಪ್ರಾಮಾಣಿಕವಾಗಿ ಬರೆದಿದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ದನ–ಧನ, ಕರ–ಖರ, ಬಾನು–ಭಾನು ಎಂದು ಜೋಡಿಯಾಗಿ ಹೇಳಿಸಿ. ಮಹಾಪ್ರಾಣದಲ್ಲಿ ಉಸಿರು ಅಂಗೈಗೆ ಜೋರಾಗಿ ತಾಗುವುದು ಮಗುವಿಗೇ ತಿಳಿಯುತ್ತದೆ. ‘ಸಂಬಂಧ’ ಎಂಬ ಪದವನ್ನು ಹೀಗೆ ನಿಧಾನವಾಗಿ ಹೇಳಿಸಿದರೆ, ಉಸಿರು ಮೊದಲು ಬರುವ ಬಕಾರದಲ್ಲಿಲ್ಲ, ಕೊನೆಯ ಧಕಾರದಲ್ಲಿದೆ ಎಂಬುದು ಸ್ಪಷ್ಟವಾಗಿ, ‘ಸಂಭಂದ’ ಎಂದು ಬರೆಯುವ ಅಭ್ಯಾಸ ಕ್ರಮೇಣ ಬಿಟ್ಟುಹೋಗುತ್ತದೆ.

ಶಕಾರ ಮತ್ತು ಷಕಾರಗಳ ವಿಷಯದಲ್ಲಿ ಮಾತ್ರ ಕಿವಿಯನ್ನು ನಂಬಿ ಕೂರಬಾರದು, ಏಕೆಂದರೆ ಇಂದಿನ ಮಾತಿನಲ್ಲಿ ಇವೆರಡರ ವ್ಯತ್ಯಾಸ ಹೆಚ್ಚು ಕೇಳಿಸುವುದಿಲ್ಲ. ಇಲ್ಲಿ ಒಂದು ನಿಯಮ ನೆರವಿಗೆ ಬರುತ್ತದೆ: ಸಂಸ್ಕೃತದಿಂದ ಬಂದ ಪದಗಳಲ್ಲಿ ಟ, ಠ, ಣಗಳ ಒತ್ತು ಇರುವಲ್ಲಿ ಸಾಮಾನ್ಯವಾಗಿ ಷಕಾರ ಬರುತ್ತದೆ (ಕಷ್ಟ, ನಿಷ್ಠೆ, ಕೃಷ್ಣ), ಚಕಾರದ ಒತ್ತು ಇರುವಲ್ಲಿ ಶಕಾರ ಬರುತ್ತದೆ (ನಿಶ್ಚಯ, ಆಶ್ಚರ್ಯ). ಉಳಿದವುಗಳನ್ನು ದೇಶ, ಆಕಾಶ, ಶಾಲೆ ಒಂದು ಕಡೆ, ವರ್ಷ, ಔಷಧ, ಭಾಷೆ ಇನ್ನೊಂದು ಕಡೆ ಎಂದು ಗುಂಪಾಗಿಯೇ ನೆನಪಿಡಿಸಬೇಕು.

ಲಿಪಿಯ ತಪ್ಪುಗಳು ಗಡಿನಾಡಿನ ಮಕ್ಕಳ ಬರವಣಿಗೆಯಲ್ಲಿ ವಿಶೇಷವಾಗಿ ಗಮನಿಸಬೇಕಾದವು. ಮಲಯಾಳದಲ್ಲಿ ‘ವಿದ್ಯಾರ್ಥಿ’ ಪದವನ್ನು ರೇಫದ ನಂತರ ಥಕಾರಕ್ಕೆ ತಕಾರವನ್ನೂ ಸೇರಿಸಿ ಬರೆಯುವ ರೂಢಿಯಿದೆ. ‘ಕರ್ಮ’ದಲ್ಲಿ ಮಕಾರವನ್ನು ಇಮ್ಮಡಿಸುತ್ತಾರೆ. ಎರಡೂ ಲಿಪಿಗಳನ್ನು ಒಟ್ಟಿಗೆ ಕಲಿಯುವ ಮಗು ಕನ್ನಡದಲ್ಲಿಯೂ ‘ಕರ್ಮ್ಮ’ ಎಂದು ಬರೆಯಬಹುದು. ಆಗ ಗದರದೆ, ಎರಡು ಭಾಷೆಗಳ ರೂಪಗಳನ್ನೂ ಅಕ್ಕಪಕ್ಕ ಬರೆದು ತೋರಿಸಿ. ಮಲಯಾಳದಲ್ಲಿ ಅದು ಸರಿ, ಕನ್ನಡದಲ್ಲಿ ಹೀಗೆ ಎಂದು ಹೇಳಿದರೆ ಮಗುವಿಗೆ ಎರಡೂ ಭಾಷೆ ಗಟ್ಟಿಯಾಗುತ್ತದೆ. ಅರ್ಕಾವತ್ತನ್ನು ಕಲಿಸಲು ಕ್ರಮ–ಕರ್ಮ ಜೋಡಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ: ಮೊದಲನೆಯದರಲ್ಲಿ ರಕಾರ ಕಕಾರದ ಒತ್ತಾಗಿದೆ, ಎರಡನೆಯದರಲ್ಲಿ ಮಕಾರಕ್ಕಿಂತ ಮೊದಲು ಉಚ್ಚಾರವಾದರೂ ಅದರ ಚಿಹ್ನೆಯನ್ನು ಮಕಾರದ ನಂತರ ಹಾಕುತ್ತೇವೆ. ಬುದ್ಧಿ, ಯುದ್ಧ, ಶುದ್ಧ ಮುಂತಾದವುಗಳಲ್ಲಿ ಮೇಲೆ ದಕಾರ, ಕೆಳಗೆ ಧಕಾರ ಎಂಬುದನ್ನೂ ಈ ಹಂತದಲ್ಲಿಯೇ ಹೇಳಿಕೊಡಿ.

ಮೂರನೆಯ ಗುಂಪನ್ನು ತಪ್ಪೆಂದು ಕರೆಯಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹವ್ಯಕ ಮನೆಯ ಮಗು ‘ನನಗೆ’ ಎನ್ನುವಲ್ಲಿ ‘ಎನಗೆ’ ಎಂದು ಬರೆದರೆ ಅಕ್ಷರ ತಪ್ಪಿಲ್ಲ. ಅದು ಮನೆಯ ಮಾತು, ಪುಸ್ತಕದಲ್ಲಿ ಬರೆಯುವ ರೂಪ ಬೇರೆ ಎಂದಷ್ಟೇ ತಿಳಿಸಿ. ಅಜ್ಜಿಯ ಮಾತೇ ತಪ್ಪು ಎಂಬ ಭಾವನೆ ಮಗುವಿನಲ್ಲಿ ಮೂಡಿದರೆ ಬರೆಯುವ ಉತ್ಸಾಹವೇ ಕುಗ್ಗುತ್ತದೆ.

ಆ ಮೇಲೆ ದಿನಕ್ಕೆ ಕಾಲು ಗಂಟೆಯ ಅಭ್ಯಾಸ ಸಾಕಾಗುತ್ತದೆ. ಒಂದೇ ಗುಂಪಿನ ನಾಲ್ಕೈದು ಪದಗಳನ್ನು ಆರಿಸಿ. ಮಗು ಪದವನ್ನು ನೋಡಿ, ಗಟ್ಟಿಯಾಗಿ ಹೇಳಿ, ಪುಸ್ತಕ ಮುಚ್ಚಿ ಬರೆದು, ಮತ್ತೆ ತೆರೆದು ತಾನೇ ತಾಳೆ ನೋಡಲಿ. ಈ ಅಭ್ಯಾಸ ಕೈಬರಹದಲ್ಲಿಯೇ ನಡೆಯಬೇಕು, ಏಕೆಂದರೆ ಮೊಬೈಲಿನ ಕೀಲಿಮಣೆ ಪದವನ್ನು ತಾನೇ ಮುಂದಿಡುವುದರಿಂದ ಮಗು ಒತ್ತಕ್ಷರವನ್ನು ಯೋಚಿಸುವ ಸಂದರ್ಭವೇ ಬರುವುದಿಲ್ಲ. ವಾರದ ಕೊನೆಗೆ ಅವೇ ಪದಗಳಿರುವ ವಾಕ್ಯಗಳ ಉಕ್ತಲೇಖನ ಕೊಡುವಾಗ ಮಹಾಪ್ರಾಣವನ್ನು ಒತ್ತಿ ಹೇಳಿ ಸುಳಿವು ಕೊಡದೆ, ಸಹಜವಾಗಿ ಓದಿ. ಅದರಲ್ಲಿ ಸರಿ ಬರೆದ ಪದ ಮಗುವಿನ ಸ್ವಂತ ಪತ್ರದಲ್ಲೋ ದಿನಚರಿಯಲ್ಲೋ ಮತ್ತೆ ತಪ್ಪುವುದುಂಟು; ಅಲ್ಲಿಯೂ ಸರಿಯಾಗಿ ಕಾಣಿಸಿಕೊಳ್ಳುವವರೆಗೆ ಅದನ್ನು ಪಟ್ಟಿಯಿಂದ ತೆಗೆಯಬೇಡಿ.