ಸೀನ್ ಬದಲಾದಾಗ ಗೇನ್ ಹಾರುತ್ತಿದ್ದುದಕ್ಕೆ ಪರಿಹಾರ

ಬೆಹ್ರಿಂಗರ್ ಎಕ್ಸ್32 ಕನ್ಸೋಲ್ (ಧ್ವನಿ ಮಿಕ್ಸರ್), ನಾಟಕ, 8 ಕಾಲರ್ ಮೈಕ್. ಎರಡನೇ ಅಂಕದ ಸೀನ್ (ಕನ್ಸೋಲ್‌ನಲ್ಲಿ ಸೇವ್ ಮಾಡಿಟ್ಟ ಸೆಟ್ಟಿಂಗ್‌ಗಳ ಗುಚ್ಛ) ರೀಕಾಲ್ ಮಾಡಿದೊಡನೆ, ಅಂದರೆ ಮತ್ತೆ ಜಾರಿಗೆ ತಂದೊಡನೆ, ಮಾನಿಟರ್ (ನಟರ ಕಡೆಗಿನ ಸ್ಪೀಕರ್) ಕೂಗುತ್ತಿತ್ತು. ಸೀನ್‌ನಲ್ಲಿ ಫೇಡರ್, ಮ್ಯೂಟ್ ಮಾತ್ರವಲ್ಲ, ಪ್ರೀಆಂಪ್ ಗೇನ್ (ಮೈಕ್ ಸಂಕೇತವನ್ನು ಮೊದಲು ಹಿಗ್ಗಿಸುವ ಮಟ್ಟ), ಇಕ್ಯೂ (ಸ್ವರಗಳ ಏರಿಳಿತದ ಹೊಂದಾಣಿಕೆ), ಮಾನಿಟರ್ ಸೆಂಡ್‌ಗಳೂ (ಮಾನಿಟರ್‌ಗೆ ಎಷ್ಟು ಧ್ವನಿ ಹೋಗಬೇಕೆಂಬ ಮಟ್ಟ) ಇರುತ್ತವೆ. ಸೇವ್ ಆದ ಮೇಲೆ ಸೌಂಡ್ ಚೆಕ್‌ನಲ್ಲಿ ಇಳಿಸಿದ ಗೇನ್ ಆದ್ದರಿಂದಲೇ ಮತ್ತೆ ಹಳೆಯ ಮಟ್ಟಕ್ಕೆ ಏರುತ್ತಿತ್ತು.

ಸೀನ್ಸ್ ಪುಟದ ಪ್ಯಾರಮ್ ಸೇಫ್ ಟ್ಯಾಬ್‌ನಲ್ಲಿ ಹೆಡ್ ಆಂಪ್ (ಅಂದರೆ ಪ್ರೀಆಂಪ್ ಗೇನ್), ಇಕ್ಯೂ, ಗೇಟ್-ಕಂಪ್ರೆಸರ್ (ಧ್ವನಿಮಟ್ಟ ನಿಯಂತ್ರಕಗಳು), ಮಾನಿಟರ್ ಬಸ್‌ಗಳ (ಮಾನಿಟರ್‌ಗೆ ಹೋಗುವ ದಾರಿಗಳ) ಸೆಂಡ್ ಇಷ್ಟನ್ನೂ ಸೇಫ್ ಮಾಡಿದೆ, ಅಂದರೆ ರೀಕಾಲ್ ಇವನ್ನು ಮುಟ್ಟದಂತೆ ಮಾಡಿದೆ. ಮ್ಯೂಟ್, ಫೇಡರ್, ರಿವರ್ಬ್ ಸೆಂಡ್ ಮಾತ್ರ ಸೀನ್‌ನ ಪಾಲಿಗೆ ಉಳಿದವು. ನಿರೂಪಕರ ಮೈಕ್, ಹಿನ್ನೆಲೆ ಸಂಗೀತದ ಲ್ಯಾಪ್‌ಟಾಪ್ ಯಾವ ಸೀನ್‌ಗೂ ಕದಲಬಾರದು. ಅವು ಚಾನ್ ಸೇಫ್‌ಗೆ (ಇಡೀ ಚಾನೆಲನ್ನೇ ಸೇಫ್ ಮಾಡುವ ಟ್ಯಾಬ್) ಹೋದವು. ಸೇಫ್ ತಡೆಯುವುದು ರೀಕಾಲನ್ನು, ಸೇವ್ ಅನ್ನಲ್ಲ. ಹಾಗಾಗಿ ಸೇಫ್ ತೆಗೆದು ಸೀನ್ ರೀಕಾಲ್ ಮಾಡಿದರೆ ಹಳೆಯ ಗೇನ್ ಮತ್ತೆ ಬರುತ್ತದೆ. ಇದು ತುಂಬ ಜನ ಮರೆಯುವ ವಿಷಯ.

ಪರೀಕ್ಷೆಗೆ ಮೇನ್ ಮತ್ತು ಮಾನಿಟರ್ ಮ್ಯೂಟ್ ಮಾಡಿ, ಒಂದು ಚಾನೆಲ್‌ನ ಗೇನ್ 6 ಡಿಬಿ ಇಳಿಸಿ, ಪ್ರತಿ ಸೀನ್ ರೀಕಾಲ್ ಮಾಡಿ. ಗೇನ್ ಕದಲದಿದ್ದರೆ ಸರಿ. ಈ ಕನ್ಸೋಲ್‌ನಲ್ಲಿ ಸೀನ್‌ಗಳ ನಡುವೆ ಫೇಡ್ ಸಮಯದ ಸೌಲಭ್ಯವಿಲ್ಲ, ಫೇಡರ್ ಒಮ್ಮೆಲೇ ಜಿಗಿಯುತ್ತದೆ. ಸಂಗೀತ ನಿಧಾನವಾಗಿ ಇಳಿಯಬೇಕಾದಲ್ಲಿ ಕೈಯಿಂದಲೇ ಇಳಿಸಿ, ಆಮೇಲೆ ಸೀನ್ ರೀಕಾಲ್ ಮಾಡುವ ಗೋ ಬಟನ್ ಒತ್ತುವುದು ಒಳ್ಳೆಯದು.