ಪತ್ತನಾಜೆಯ ನಂತರದ ವಾರ: ಮಕ್ಕಳನ್ನು ಶಾಲೆಯ ಹೊತ್ತಿಗೆ ತರುವುದು ಹೇಗೆ

ಬೇಸಿಗೆ ರಜೆಯಲ್ಲಿ ನಮ್ಮ ತುಳುನಾಡಿನ ಕಡೆಯ ಮಕ್ಕಳ ರಾತ್ರಿ ಉದ್ದ. ಯಕ್ಷಗಾನದ ಆಟ, ದೈವಗಳ ನೇಮ, ಮದುವೆ, ಅಜ್ಜಿಮನೆ ಅಂತ ಮಲಗುವಾಗ ಹನ್ನೊಂದೂವರೆ, ಏಳುವಾಗ ಎಂಟೂವರೆ. ಮೇ 24-25ರ ಸುಮಾರಿಗೆ ಪತ್ತನಾಜೆ (ತುಳುವರ ಬೇಷ ತಿಂಗಳ ಹತ್ತನೇ ದಿನ) ಬಂದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ಆ ವರ್ಷದ ತಿರುಗಾಟ ಮುಗಿಸುತ್ತವೆ, ಕೋಲ ನೇಮಗಳೂ ನಿಲ್ಲುತ್ತವೆ. ಶಾಲೆಗೆ ಉಳಿದದ್ದು ಹೆಚ್ಚೆಂದರೆ ಒಂದು ವಾರ. ದಿನಚರಿ ತಿದ್ದಲು ಇದೇ ಸರಿಯಾದ ಹೊತ್ತು. ಜೋರು ಮಳೆ ಹಿಡಿದ ಮೇಲೆ ಮಕ್ಕಳನ್ನು ಹೊದಿಕೆಯಿಂದ ಹೊರಗೆ ತರುವುದು ಇನ್ನೂ ಕಷ್ಟ.

ಹೆಚ್ಚಿನ ಮನೆಗಳಲ್ಲಿ ಮಾಡುವುದೇನೆಂದರೆ, ಶಾಲೆಯ ಹಿಂದಿನ ರಾತ್ರಿ ಒಂಬತ್ತಕ್ಕೇ ಲೈಟ್ ಬಂದ್ ಮಾಡಿ ಮಲಗಿಸುವುದು. ಎಂಟೂವರೆಗೆ ಎದ್ದ ಮಗುವಿಗೆ ಆ ಹೊತ್ತಿಗೆ ನಿದ್ದೆ ಬರುವುದೇ ಇಲ್ಲ. ಹೊರಳಾಡುತ್ತದೆ, ಬೈಸಿಕೊಳ್ಳುತ್ತದೆ, ಮರುದಿನ ಅಳುತ್ತಾ ಏಳುತ್ತದೆ. ಮೊದಲು ಹಿಂದಕ್ಕೆ ತರಬೇಕಾದದ್ದು ಮಲಗುವ ಹೊತ್ತನ್ನಲ್ಲ, ಏಳುವ ಹೊತ್ತನ್ನು.

ಶಾಲೆಗೆ 6.15ಕ್ಕೆ ಏಳಬೇಕಾದರೆ ತಿದ್ದಬೇಕಾದದ್ದು ಎರಡೂಕಾಲು ಗಂಟೆ. ದಿನಕ್ಕೆ 20 ನಿಮಿಷದಂತೆ ಬೇಗ ಎಬ್ಬಿಸಿದರೆ ಏಳು ದಿನ ಸಾಕು: 8.10, 7.50, 7.30, ಹೀಗೆ. ಎದ್ದ ಅರ್ಧ ಗಂಟೆಯೊಳಗೆ ಅಂಗಳಕ್ಕೋ ಜಗಲಿಗೋ ಕರೆತಂದು ಇಪ್ಪತ್ತು ನಿಮಿಷ ಅಲ್ಲೇ ಇರಿಸಿ. ಹೂಗಿಡಕ್ಕೆ ನೀರು ಹಾಕಲಿ, ಹಾಲು ಕುಡಿಯಲಿ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ದೇಹದ ಗಡಿಯಾರ ಮುಂಚಿತವಾಗುತ್ತದೆ, ರಾತ್ರಿ ನಿದ್ದೆಯೂ ಬೇಗ ಬರುತ್ತದೆ. ಮೋಡ ಕವಿದಿದ್ದರೂ ಹೊರಗಿನ ಬೆಳಕು ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಪಾಲು ಹೆಚ್ಚು.

ಈ ಲೆಕ್ಕ ಕೆಡುವುದು ಮಧ್ಯಾಹ್ನ. ಬೇಗ ಎದ್ದ ಮಗು ಊಟ ಮಾಡಿದ ಕೂಡಲೇ ತೂಕಡಿಸುತ್ತದೆ. ಇಪ್ಪತ್ತು ನಿಮಿಷ ಮಲಗಲಿ, ಗಡಿಯಾರದಲ್ಲಿ ಮೂರು ಹೊಡೆಯುವ ಮೊದಲೇ ಎಬ್ಬಿಸಿ. ಪಾಪ ಅಂತ ಐದರವರೆಗೆ ಬಿಟ್ಟರೆ ರಾತ್ರಿ ಮತ್ತೆ ಹನ್ನೊಂದೂವರೆಯೇ. ಸಂಜೆ ಚಾ ಬೇಡ. ರಾತ್ರಿ ಊಟ ಎಂಟರೊಳಗೆ. ಮಲಗುವ ಒಂದು ಗಂಟೆ ಮೊದಲು ಮೊಬೈಲ್ ದೊಡ್ಡವರ ಕೋಣೆಗೆ ಹೋಗಲಿ, ದೊಡ್ಡವರದ್ದೂ.

ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. 6.15ಕ್ಕೆ ಏಳುವ ನಾಲ್ಕನೇ ಕ್ಲಾಸಿನ ಮಗು ಒಂಬತ್ತಕ್ಕೆ ಮಲಗಿದರೆ ಲೆಕ್ಕ ಸರಿಹೋಗುತ್ತದೆ.

ಓದುವ ಮನಸ್ಸು ತಾನಾಗಿ ಬರಲಿ ಎಂದು ಕಾಯಬೇಡಿ. ಕೂತ ಮೇಲೆ ಬರುತ್ತದೆ. ಮೊದಲ ದಿನ ಪುಸ್ತಕಕ್ಕೆ ಬೈಂಡ್ ಹಾಕಿ ಲೇಬಲ್ ಅಂಟಿಸುವ ಕೆಲಸ ಕೊಡಿ. ಎರಡನೇ ದಿನದಿಂದ ಅದೇ ಜಾಗ, ಅದೇ ಹೊತ್ತು, 20 ನಿಮಿಷ. ಕಳೆದ ವರ್ಷದ ಸುಲಭದ ಲೆಕ್ಕವೋ ಒಂದು ಪುಟ ಕಾಪಿಯೋ ಸಾಕು. ಮೊದಲ ದಿನವೇ ಎರಡು ಗಂಟೆ ಕೂರಿಸಿದರೆ ಮೂರನೇ ದಿನ ಮಗು ಆ ಮೇಜಿನ ಹತ್ತಿರ ಸುಳಿಯುವುದಿಲ್ಲ. ಶಾಲೆ ಶುರುವಾದ ಮೇಲೆ ವಾರಕ್ಕೆ ಹತ್ತು ನಿಮಿಷದಂತೆ ಹೆಚ್ಚಿಸಿ.

ಸಮವಸ್ತ್ರ, ಬ್ಯಾಗು, ಕೊಡೆ ಹಿಂದಿನ ರಾತ್ರಿಯೇ ಒಂದು ಕಡೆ ಇರಲಿ. ಮಳೆಗಾಲದಲ್ಲಿ ಬಟ್ಟೆ ಒಣಗಲು ಎರಡು ದಿನ ಬೇಕಾಗುವುದರಿಂದ ಮೂರು ಜೊತೆ ಸಮವಸ್ತ್ರ ಇದ್ದರೆ ಬೆಳಗಿನ ಅರ್ಧ ರಗಳೆ ಕಡಿಮೆ.

ಇಷ್ಟೆಲ್ಲ ಕೂಡಿಬಂದ ಮೇಲೆ ಜೂನ್, ಜುಲೈಯಲ್ಲಿ ಜಿಲ್ಲಾಧಿಕಾರಿಗಳು ಮಳೆಯ ರಜೆ ಘೋಷಿಸುತ್ತಾರೆ. ಸುದ್ದಿ ಬಂದ ಕೂಡಲೇ ಅಲಾರಂ ಬಂದ್ ಮಾಡಬೇಡಿ. ಆ ದಿನವೂ, ಭಾನುವಾರವೂ, ಏಳುವುದು ಹೆಚ್ಚೆಂದರೆ ಒಂದು ಗಂಟೆ ತಡವಾಗಲಿ: 7.15, ಅದರಾಚೆ ಬೇಡ.