ಅಡಿಕೆ ಇಟ್ಟು ಪೋಕರ್ ಕಲಿಯುವ ಬಗೆ

ಮಲೆನಾಡಿನಲ್ಲಿ ಪೋಕರ್ ಕಲಿಯಲು ಕೂರುವವರು ಇಸ್ಪೀಟಿಗೇ ಹೊಸಬರಾಗಿರುವುದು ಅಪರೂಪ. ಆಷಾಢದ ಮಳೆ ಹಿಡಿದು ತೋಟದ ಕೆಲಸ ನಿಂತಾಗ ಜಗಲಿಯಲ್ಲಿ ರಮ್ಮಿ, ತೀನ್ ಪತ್ತಿ ಆಡಿದವರೇ ಹೆಚ್ಚು. ಆ ಅಭ್ಯಾಸದಿಂದ ಅನುಕೂಲವಿರುವಂತೆ ತೊಡಕೂ ಇದೆ. ತೀನ್ ಪತ್ತಿಯಲ್ಲಿ ಒಂದೇ ಜಾತಿಯ ಎಲೆಗಳ ಕಲರ್‌ಗಿಂತ ಅನುಕ್ರಮದ ಎಲೆಗಳ ಸೀಕ್ವೆನ್ಸ್ ದೊಡ್ಡದು, ಒಂದೇ ಬೆಲೆಯ ಮೂರು ಎಲೆಗಳಂತೂ ಎಲ್ಲಕ್ಕಿಂತ ಮೇಲು. ಪೋಕರ್‌ನಲ್ಲಿ ಲೆಕ್ಕ ಐದು ಎಲೆಗಳದ್ದಾದುದರಿಂದ ಈ ಕ್ರಮ ತಲೆಕೆಳಗಾಗುತ್ತದೆ: 52 ಎಲೆಗಳಲ್ಲಿ ಸ್ಟ್ರೇಟ್ (ಅನುಕ್ರಮದ ಐದು ಎಲೆ) 10,200 ಬಗೆಯಲ್ಲಿ ಕೂಡಿಬರಬಹುದಾದರೆ ಫ್ಲಶ್ (ಒಂದೇ ಜಾತಿಯ ಐದು ಎಲೆ) ಕೂಡಿಬರುವುದು 5,108 ಬಗೆಯಲ್ಲಿ ಮಾತ್ರ, ಆದ್ದರಿಂದ ಫ್ಲಶ್ ಮೇಲು, ಮೂರು ಎಕ್ಕಗಳೂ ಇವೆರಡಕ್ಕೆ ಮಣಿಯಬೇಕು. ಜೋಡಿ, ಎರಡು ಜೋಡಿ, ಒಂದೇ ಬೆಲೆಯ ಮೂರು, ಸ್ಟ್ರೇಟ್, ಫ್ಲಶ್, ಫುಲ್ ಹೌಸ್ (ಒಂದೇ ಬೆಲೆಯ ಮೂರು, ಜೊತೆಗೊಂದು ಜೋಡಿ), ಒಂದೇ ಬೆಲೆಯ ನಾಲ್ಕು, ಸ್ಟ್ರೇಟ್ ಫ್ಲಶ್ ಎಂಬ ಏರುಕ್ರಮ ಮೊದಲು ಬಾಯಿಪಾಠವಾಗಲಿ.

ಇಲ್ಲಿ ವಿವರಿಸುತ್ತಿರುವುದು ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆಯ ಪೋಕರ್. ಪ್ರತಿಯೊಬ್ಬರಿಗೂ ಎರಡು ಎಲೆಗಳನ್ನು ಮುಚ್ಚಿ ಹಂಚಿ, ಎಲ್ಲರಿಗೂ ಸೇರಿದ ಐದು ಎಲೆಗಳನ್ನು ನಡುವೆ ಮೂರು, ಒಂದು, ಒಂದು ಎಂಬಂತೆ ತೆರೆಯುತ್ತಾರೆ. ಎಲೆ ಕೈಸೇರಿದ ಕೂಡಲೇ ಒಮ್ಮೆ, ಪ್ರತಿ ಸಲ ತೆರೆದ ಮೇಲೆ ಒಮ್ಮೆ ಪಣದ ಸುತ್ತು ನಡೆಯುತ್ತದೆ.

ಪಣಕ್ಕೆ ದುಡ್ಡು ಬೇಡ. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದವಿಲ್ಲದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಅದಿಲ್ಲದಿದ್ದರೂ ಕಲಿಯುವವನಿಗೆ ಅಂಗಳದ ಅಡಿಕೆಯೇ ಸಾಕು. ಅಡಿಕೆಯ ದರ್ಜೆಗಳಲ್ಲಿ ಗೊರಬಲಿಗೆ ಒಂದು, ರಾಶಿಗೆ ಐದು, ಬೆಟ್ಟೆಗೆ ಇಪ್ಪತ್ತೈದು ಎಂದು ಬೆಲೆ ಕಟ್ಟಿ ಎಲ್ಲರಿಗೂ ಸಮನಾಗಿ ಹಂಚಿಕೊಂಡು, ಆಟ ಮುಗಿದ ಮೇಲೆ ಅಷ್ಟನ್ನೂ ಚೀಲಕ್ಕೆ ಮರಳಿ ಸುರಿಯಬೇಕು. ಆದರೆ ಕೈಯಲ್ಲಿದ್ದ ಅಡಿಕೆ ಖಾಲಿಯಾದವರಿಗೆ ಮತ್ತೆ ಕೊಡಕೂಡದು. ಕೊಟ್ಟರೆ ಯಾರೂ ಯೋಚಿಸಿ ಆಡುವುದಿಲ್ಲ.

ಚೆನ್ನಾಗಿ ಆಡುವುದೆಂದರೆ ಬಹುಪಾಲು ಎಲೆ ಕೆಳಗಿಟ್ಟು ಆ ಸಲದ ಆಟ ಬಿಡುವುದು. ಮೊದಲ ಎರಡೆಲೆಯಲ್ಲೇ ಜೋಡಿ ಬರುವುದು ಸರಾಸರಿ ಹದಿನೇಳು ಸಲಕ್ಕೆ ಒಮ್ಮೆ, ಎರಡೂ ಎಕ್ಕವೇ ಬರುವುದು 221 ಸಲಕ್ಕೆ ಒಮ್ಮೆ. ಆರು ಜನ ಕೂತಲ್ಲಿ, ಹಂಚಿದ ಐದರಲ್ಲಿ ನಾಲ್ಕು ಕೈಗಳನ್ನು ಬಿಡುವ ಆರಂಭಿಕನು ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ. ಕೂತ ಜಾಗವನ್ನೂ ಗಮನಿಸಬೇಕು: ನಡುವಿನ ಎಲೆ ತೆರೆದ ಮೇಲೆ ಎಲೆ ಹಂಚಿದವನ ಸರದಿ ಕೊನೆಗೆ ಬರುವುದರಿಂದ, ಉಳಿದವರೆಲ್ಲ ಏನು ಮಾಡಿದರೆಂಬುದನ್ನು ಕಂಡೇ ಆತ ನಿರ್ಧರಿಸಬಹುದು. ಮೊದಲೇ ಮಾತಾಡಬೇಕಾದ ಜಾಗದಲ್ಲಿ ಬಿಡಬೇಕಾದ ರಾಜ–ಹತ್ತನ್ನು ಈ ಜಾಗದಲ್ಲಿ ಆಡಬಹುದು.

ಎಲೆಗಾಗಿ ಕಾಯುವ ಲೆಕ್ಕವೇ ಕಲಿಕೆಯ ತಿರುಳು. ನಿಮ್ಮ ಕೈಯಲ್ಲಿ ಆಟೀನು ರಾಣಿ ಮತ್ತು ಒಂಬತ್ತು ಇವೆ. ನಡುವೆ ಆಟೀನು ರಾಜ, ಆಟೀನು ನಾಲ್ಕು, ಕಳಾವರ್ ಏಳು ತೆರೆದಿವೆ. ಎದುರಾಳಿಗೆ ರಾಜನ ಜೋಡಿ ಕೂಡಿದೆಯೆಂದು ನಿಮ್ಮ ಊಹೆ. ಫ್ಲಶ್ ಆಗಲು ಇನ್ನೊಂದು ಆಟೀನು ಬೇಕು, ಉಳಿದಿರುವುದು ಒಂಬತ್ತು. ಅಲ್ಲಿಯವರೆಗೆ ಕೂಡಿದ ಪಣ 60 ಇದ್ದು ಎದುರಾಳಿ 30 ಇಟ್ಟರೆ, ನೀವು 30 ಕೊಟ್ಟು 90 ಗೆಲ್ಲಲು ಹೊರಟಂತಾಯಿತು. ನಾಲ್ಕಕ್ಕೆ ಒಮ್ಮೆಯಾದರೂ ಗೆಲ್ಲದಿದ್ದರೆ ನಷ್ಟ. ಮುಂದಿನ ಒಂದೇ ಎಲೆಯಲ್ಲಿ ಆಟೀನು ಬರುವ ಸಂಭವ ಕಂಡಿರದ 47ರಲ್ಲಿ 9, ಅಂದರೆ ಶೇ 19, ಇದು ಸಾಲದು. ಎದುರಾಳಿ ತನ್ನಲ್ಲಿದ್ದುದನ್ನೆಲ್ಲ ಈಗಲೇ ಇಟ್ಟಿದ್ದು, ಮತ್ತೆ ಕೊಡದೆ ಎರಡೂ ಎಲೆ ನೋಡಬಹುದಾದರೆ ಸಂಭವ ಶೇ 35. ಆಗ ಧಾರಾಳವಾಗಿ ಕೊಡಬಹುದು. ಬಾಯಿಲೆಕ್ಕಕ್ಕೆ, ಬೇಕಾದ ಎಲೆಗಳ ಸಂಖ್ಯೆಯನ್ನು ಒಂದು ಎಲೆ ಬಾಕಿಯಿದ್ದಾಗ ಎರಡರಿಂದ, ಎರಡು ಬಾಕಿಯಿದ್ದಾಗ ನಾಲ್ಕರಿಂದ ಗುಣಿಸಿದರೆ ಸಂಭವ ಶೇಕಡಾ ಎಷ್ಟೆಂಬ ಅಂದಾಜು ಸಿಗುತ್ತದೆ.

ಕೈಯಲ್ಲಿ ಏನೂ ಇಲ್ಲದೆ ಏರಿಸಿ ಹೆದರಿಸುವ ಬ್ಲಫ್‌ನ ಗೀಳು ಹೊಸಬರಿಗೆ ಬೇಗ ಹತ್ತುತ್ತದೆ. ಎದುರಿನವರು ಎಲೆ ಬಿಡಬಲ್ಲವರಾದರೆ ಮಾತ್ರ ಅದು ಫಲಿಸುತ್ತದೆ; 'ಅದೇನಿದೆ ನೋಡೇ ಬಿಡ್ತೀನಿ' ಎಂದು ಪ್ರತಿ ಸಲವೂ ಅಡಿಕೆ ಮುಂದೆ ತಳ್ಳುವ ದೊಡ್ಡಪ್ಪನ ಎದುರು ಅದನ್ನು ಪೂರ್ತಿ ಬಿಟ್ಟು, ನಿಜಕ್ಕೂ ಒಳ್ಳೆಯ ಎಲೆ ಬಂದಾಗ ಬೆಟ್ಟೆಯನ್ನೇ ಇಡಿ.